ಗೋಧಿ ಬಿಟ್ಟವರು ಇಂಗಿನ ಡಬ್ಬಿ ತಿರುಗಿಸಿ ನೋಡಿ
ಪಥ್ಯವೆಂದು ಕೆಲವು ವಾರ ಗೋಧಿ ಬಿಟ್ಟು ನೋಡುತ್ತಿರುವವರು ಮೊದಲು ಇಂಗಿನ ಡಬ್ಬಿಯ ಹಿಂದಿರುವ ಸಣ್ಣಕ್ಷರಗಳನ್ನು ಓದಿ. ಚಪಾತಿ, ಉಪ್ಪಿಟ್ಟು ಬಿಟ್ಟು ಮೂರು ಹೊತ್ತೂ ಜೋಳದ ರೊಟ್ಟಿ ತಿಂದರೂ ಹೊಟ್ಟೆಯುಬ್ಬರ ಇಳಿಯದಿದ್ದರೆ, ಕಳ್ಳ ಒಗ್ಗರಣೆಯಲ್ಲೇ ಕುಳಿತಿರಬಹುದು. ಅಸಲಿ ಇಂಗು ಗಿಡದ ಅಂಟು, ಘಾಟು ವಿಪರೀತ. ಅದಕ್ಕೇ ಗೋಂದು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಎಷ್ಟೋ ಸಲ ಮೈದಾ ಅಥವಾ ಗೋಧಿಯದು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಅಂಗಡಿಯ ಉಪ್ಪಿನಕಾಯಿ, ಸಾರಿನ ಪುಡಿಗಳಿಗೂ ಇದೇ ಮಾತು: ಚೀಟಿಯಲ್ಲಿ ಬರೀ ‘ಇಂಗು’ ಎಂದಿದ್ದರೆ ಸಾಲದು, ‘ಗೋಧಿ ಇದೆ’ ಎಂಬ ಅಲರ್ಜಿ ಸೂಚನೆಯನ್ನು ಹುಡುಕಿ. ಸೋಯಾ ಸಾಸ್ ಅನ್ನು ಸಾಮಾನ್ಯವಾಗಿ ಗೋಧಿ ಸೇರಿಸಿಯೇ ಹುದುಗಿಸುತ್ತಾರೆ. ಗೋಬಿ ಮಂಚೂರಿಯ ಆಸೆಯನ್ನು ಸದ್ಯಕ್ಕೆ ಮರೆಯಿರಿ (ಅದರ ಹಿಟ್ಟಿನಲ್ಲೂ ಮೈದಾ ಇರುತ್ತದೆ, ಬಿಡಿ). ಆದರೆ ಸೀಲಿಯಾಕ್ (ಗೋಧಿ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವ ಅನುಮಾನವಿದ್ದರೆ ಗೋಧಿ ಬಿಡುವ ಮೊದಲೇ ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ರೋಗವಿದ್ದರೂ ಇಲ್ಲವೆಂದು ಬರಬಹುದು. ಚೀಟಿ ಓದುವ ಈ ಉಪಾಯ ಎರಡು ಕಡೆ ಕೈಕೊಡುತ್ತದೆ. ಒಂದು, ಖಾನಾವಳಿ: ಅಲ್ಲಿ ಓದಲು ಚೀಟಿಯೇ ಇಲ್ಲ. ಇನ್ನೊಂದು, ನಮ್ಮ ರಾಯಚೂರು, ಕೊಪ್ಪಳದ ಕಡೆಯ ಗಿರಣಿ. ನಿಮ್ಮ ಜೋಳಕ್ಕಿಂತ ಮುಂಚೆ ಯಾರದೋ ಗೋಧಿ ಬೀಸಿದ್ದರೆ ಕಲ್ಲಿನಲ್ಲಿ ಉಳಿದ ಹಿಟ್ಟೆಲ್ಲ ನಿಮ್ಮ ಡಬ್ಬಿಗೇ ಇಳಿಯುತ್ತದೆ. ಜೋಳ ಮಾತ್ರ ಬೀಸುವ ಗಿರಣಿ ಸಿಕ್ಕರೆ ಬಿಡಬೇಡಿ. ಇಲ್ಲವಾದರೆ ಮನೆಯ ಬೀಸುಕಲ್ಲೇ ಗತಿ.