ಮಲಗಿಸುವ ನಾಯಿಕೊಡೆ: ಪೊಕೆಮಾನ್ ಡಬಲ್ಸ್‌ನಲ್ಲಿ ಅಮೂಂಗಸ್ ಆಡಿಸುವುದು ಹೇಗೆ?

ಅಮೂಂಗಸ್ ಎಂಬ ಪೊಕೆಮಾನ್ ನೋಡಿದರೆ ನಗು ಬರುತ್ತದೆ. ಎತ್ತರ ಎರಡೇ ಅಡಿ, ತೂಕ ಹತ್ತೂವರೆ ಕೆ.ಜಿ. ಮುಖದಲ್ಲಿ ಊಟ ಮಾಡಿ ತೂಕಡಿಸುವವರ ಕಳೆ. ಎರಡು ಕೈಗಳ ತುದಿಯಲ್ಲಿ ಪೊಕೆಬಾಲ್ ಬಣ್ಣದ ಕೊಡೆಗಳು. ಅವನ್ನು ಆಡಿಸಿ ಬೇಟೆಯನ್ನು ಹತ್ತಿರ ಕರೆಯುತ್ತದೆ, ಆದರೆ ಮೋಸ ಹೋಗುವವರು ಕಡಿಮೆ ಎಂದು ಆಟದೊಳಗಿನ ಪೊಕೆಮಾನ್ ಕೋಶವಾದ ಪೊಕೆಡೆಕ್ಸೇ ಗೇಲಿ ಮಾಡುತ್ತದೆ. ಜಪಾನಿ ಭಾಷೆಯಲ್ಲಿ ಇದರ ಹೆಸರು ಮೊರೊಬಾರೆರು. 'ಗುಟ್ಟು ಪೂರ್ತಿ ಬಯಲು' ಎಂಬ ಮಾತಿನ ಮೇಲಿನ ತಮಾಷೆ ಅದು.

2010ರಲ್ಲಿ ಬ್ಲ್ಯಾಕ್ ಮತ್ತು ವೈಟ್ ಎಂಬ ಪೊಕೆಮಾನ್ ವಿಡಿಯೋ ಆಟಗಳ ಜೊತೆ ಬಂದ ಈ ಅಮೂಂಗಸ್, ಟೂರ್ನಿ ಆಡುವವರ ತಲೆನೋವಾಗಿ ಇವತ್ತಿಗೂ ಉಳಿದಿದೆ. ಅದು ಏನು ಮಾಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಸಿಕ್ಕಿಬೀಳುತ್ತಾರೆ. ಸ್ಕಾರ್ಲೆಟ್ ಮತ್ತು ವೈಲೆಟ್ ಆಟಗಳಲ್ಲಿ ಇದನ್ನು ಹೇಗೆ ಕಟ್ಟಬೇಕು, ಹೇಗೆ ಆಡಿಸಬೇಕು ಎಂದು ನೋಡೋಣ. ಟೂರ್ನಿಯ ನಿಯಮ ಆಗಾಗ ಬದಲಾಗುತ್ತಿರುತ್ತದೆ. ನೀವು ಆಡುವ ಪಟ್ಟಿಯಲ್ಲಿ ಅಮೂಂಗಸ್‌ಗೆ ಜಾಗ ಇದೆಯಾ ಎಂದು ಮೊದಲು ನೋಡಿಕೊಳ್ಳಿ.

ಕಣ ಯಾವುದು?

ಅಧಿಕೃತ ಟೂರ್ನಿಗಳು ಡಬಲ್ಸ್. ಎರಡೂ ಕಡೆಯಿಂದ ಇಬ್ಬಿಬ್ಬರು ಕಣದಲ್ಲಿರುತ್ತಾರೆ. ತಂಡದಲ್ಲಿ ಆರು, ಪಂದ್ಯಕ್ಕೆ ನಾಲ್ಕು, ಎಲ್ಲರೂ 50ನೇ ಲೆವೆಲ್. ನಾಲ್ವರನ್ನು ಆರಿಸಲು 90 ಸೆಕೆಂಡ್, ಪ್ರತಿ ಟರ್ನ್‌ಗೆ 45 ಸೆಕೆಂಡ್. ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: 'ಎದುರಾಳಿಯ ಒಂದೇ ಪೊಕೆಮಾನ್ ಮಲಗಿಸಬೇಕು' ಎಂಬ ನಿಯಮ ಇಲ್ಲಿಲ್ಲ. ಎದುರಿನ ಇಬ್ಬರನ್ನೂ ಮಲಗಿಸಬಹುದು. ಅಮೂಂಗಸ್‌ನ ಬೆಲೆಯಲ್ಲಿ ಅರ್ಧ ಈ ಒಂದು ಮಾತಿನಲ್ಲೇ ಇದೆ.

ಮೊದಲು ಮೈ ಕಟ್ಟಿ

ಎಬಿಲಿಟಿ, ಅಂದರೆ ಹುಟ್ಟುಗುಣ, ರೀಜನರೇಟರ್ ಇರಲೇಬೇಕು. ಕಣದಿಂದ ಹೊರಗೆ ಹೋದಾಗಲೆಲ್ಲ ಪೂರ್ತಿ ಎಚ್‌ಪಿಯ (ಜೀವದ ಅಂಕದ) ಮೂರನೇ ಒಂದು ಪಾಲು ವಾಪಸ್ ಬರುತ್ತದೆ. ಇದು ಹಿಡನ್ ಎಬಿಲಿಟಿ, ಅಪರೂಪಕ್ಕೆ ಸಿಗುವ ಗುಣ. ನಿಮ್ಮ ಅಮೂಂಗಸ್‌ಗೆ ಇಲ್ಲದಿದ್ದರೆ ಎಬಿಲಿಟಿ ಪ್ಯಾಚ್ ಹಾಕಿ.

ಇವಿ ಅಂದರೆ ತರಬೇತಿಯಿಂದ ಸೇರುವ ಅಂಕ, ಅದರಲ್ಲಿ 252 ಎಚ್‌ಪಿಗೆ, 252 ಡಿಫೆನ್ಸ್‌ಗೆ, ಉಳಿದ 4 ಸ್ಪೆಷಲ್ ಡಿಫೆನ್ಸ್‌ಗೆ. ನೇಚರ್ (ಒಂದು ಅಂಕಿ ಏರಿಸಿ ಇನ್ನೊಂದನ್ನು ಇಳಿಸುವ ಸ್ವಭಾವ) ರಿಲ್ಯಾಕ್ಸ್ಡ್. ಲೆಕ್ಕ ಹಾಕಿದರೆ ಎಚ್‌ಪಿ 221, ಡಿಫೆನ್ಸ್ 134, ಸ್ಪೆಷಲ್ ಡಿಫೆನ್ಸ್ 101. ಸ್ಪೆಷಲ್ ಏಟಿನ ಭಯ ಜಾಸ್ತಿ ಇದ್ದರೆ ಸ್ಯಾಸಿ ನೇಚರ್ ಇಟ್ಟುಕೊಂಡು ಡಿಫೆನ್ಸ್‌ನ ಇವಿಗಳನ್ನು ಆ ಕಡೆ ದಾಟಿಸಿ. ಕಲಿಯುವವರಿಗೆ ಮೊದಲನೆಯದೇ ಸಾಕು.

ಈಗ ತಮಾಷೆಯ ಭಾಗ. ವೇಗ. ಇದರ ಮೂಲ ವೇಗವೇ 30, ಆಮೆಗೆ ಪೈಪೋಟಿ. ಅದನ್ನು ಇನ್ನೂ ಕಡಿಮೆ ಮಾಡಬೇಕು! ವೇಗದ ಐವಿ (ಹುಟ್ಟಿನಿಂದ ಬಂದ ಅಂಕ) ಸೊನ್ನೆ ಇದ್ದರೆ, ಮೇಲೆ ಹೇಳಿದ ಎರಡೂ ನೇಚರ್‌ಗಳಲ್ಲಿ ವೇಗ 31ಕ್ಕೆ ಇಳಿಯುತ್ತದೆ. ಐವಿ ಪೂರ್ತಿ ಇದ್ದರೆ 45. ಟ್ರಿಕ್ ರೂಮ್ ಎಂಬ ಪಟ್ಟು ಬಿದ್ದಾಗ ನಿಧಾನದವರೇ ಮೊದಲು ಆಡುತ್ತಾರೆ. ಆಗ ಈ ಹದಿನಾಲ್ಕು ಅಂಕ ಬಂಗಾರ. ಐವಿ ತೋರಿಸುವ ಪರದೆಯಲ್ಲಿ ವೇಗದ ಮುಂದೆ 'ನೋ ಗುಡ್' ಎಂದು ಬಂದರೆ ಬೇಜಾರಾಗಬೇಡಿ. ಹುಡುಕುತ್ತಿದ್ದದ್ದು ಅದನ್ನೇ.

ಮೂವ್‌ಗಳು, ಅಂದರೆ ಪಟ್ಟುಗಳು, ನಾಲ್ಕು. ಎದುರಾಳಿಯನ್ನು ಮಲಗಿಸುವ ಸ್ಪೋರ್, ಏಟನ್ನು ತನ್ನ ಕಡೆ ಎಳೆದುಕೊಳ್ಳುವ ರೇಜ್ ಪೌಡರ್, ಪಾಲೆನ್ ಪಫ್, ಆ ಟರ್ನ್‌ನ ಏಟಿನಿಂದ ಕಾಪಾಡುವ ಪ್ರೊಟೆಕ್ಟ್. ಪ್ರೊಟೆಕ್ಟ್ ಬಿಟ್ಟು ಕ್ಲಿಯರ್ ಸ್ಮಾಗ್ ಹಾಕುವವರಿದ್ದಾರೆ. ಟಾಟ್ಸುಗಿರಿ ಎಂಬ ಜೊತೆಗಾರನನ್ನು ಬಾಯಲ್ಲಿಟ್ಟುಕೊಂಡು ಎಲ್ಲ ಅಂಕಿಗಳನ್ನೂ ಎರಡೆರಡು ಮೆಟ್ಟಿಲು ಏರಿಸಿಕೊಂಡ ಡೊಂಡೋಜೋ ಎದುರಿಗಿದ್ದಾಗ, ಒಂದೇ ಉಸಿರಿಗೆ ಅದನ್ನು ನೆಲಕ್ಕಿಳಿಸುವುದು ಈ ಹೊಗೆ. ಸ್ಟೀಲ್ ಜಾತಿಯವರಿಗೆ ಮಾತ್ರ ಇದು ತಟ್ಟುವುದೇ ಇಲ್ಲ.

ಪಾಲೆನ್ ಪಫ್ ಬಗ್ಗೆ ಎರಡು ಮಾತು ಹೇಳಲೇಬೇಕು. ಎದುರಾಳಿಗೆ ಎಸೆದರೆ ಏಟು. ಜೊತೆಗಾರನಿಗೆ ಎಸೆದರೆ ಅವನ ಪೂರ್ತಿ ಎಚ್‌ಪಿಯ ಅರ್ಧದಷ್ಟು ಔಷಧಿ. ಆಟದ ಲೆಕ್ಕದಲ್ಲಿ ಇದು ದಾಳಿಯ ಮೂವ್. ಹಾಗಾಗಿ ಎದುರಾಳಿ ದಾಳಿಯಲ್ಲದ ಮೂವ್‌ಗಳನ್ನು ತಡೆಯುವ ಟಾಂಟ್ ಹಾಕಿ ಸ್ಪೋರ್, ರೇಜ್ ಪೌಡರ್, ಪ್ರೊಟೆಕ್ಟ್ ಮೂರನ್ನೂ ಕಟ್ಟಿಹಾಕಿದರೂ ಔಷಧಿ ಅಂಗಡಿ ತೆರೆದೇ ಇರುತ್ತದೆ.

ಐಟಂ? ಸಿಟ್ರಸ್ ಬೆರಿ ಹಾಕಿ. ಎಚ್‌ಪಿ ಅರ್ಧಕ್ಕಿಳಿದಾಗ 55 ವಾಪಸ್. ಟಾಂಟ್ ಕಾಟ ಜಾಸ್ತಿ ಇದ್ದರೆ ಮೆಂಟಲ್ ಹರ್ಬ್. ಮುಟ್ಟಿ ಹೊಡೆಯುವವರಿಗೆ ಪಾಠ ಕಲಿಸಬೇಕೆಂದರೆ ರಾಕಿ ಹೆಲ್ಮೆಟ್, ಮುಟ್ಟಿದವರ ಎಚ್‌ಪಿಯ ಆರನೇ ಒಂದು ಪಾಲು ಹೋಗುತ್ತದೆ. ಒಂದೇ ಐಟಂ ಅನ್ನು ತಂಡದಲ್ಲಿ ಇಬ್ಬರಿಗೆ ಕೊಡುವಂತಿಲ್ಲ. ಬೆರಿಯನ್ನು ಬೇರೆಯವರು ಕೇಳಿದರೆ ಅಮೂಂಗಸ್ ಬಿಟ್ಟುಕೊಡುತ್ತದೆ, ಪಾಪ.

ಟೆರಾ, ಅಂದರೆ ಪಂದ್ಯದ ನಡುವೆ ಜಾತಿ ಬದಲಿಸುವುದರ ಬಗ್ಗೆ ನನ್ನ ಅಭಿಪ್ರಾಯ: ಇದಕ್ಕೆ ಖರ್ಚು ಮಾಡಬೇಡಿ. ಪಂದ್ಯಕ್ಕೆ ಸಿಗುವುದು ಒಂದೇ ಟೆರಾ, ಹೊಡೆಯುವವರಿಗೆ ಇಡಿ. ಹೆಸರಿಗೆ ಇರಲಿ ಅಂತ ವಾಟರ್ ಇಟ್ಟುಕೊಳ್ಳಿ. ಬೆಂಕಿ ಮತ್ತು ಹಿಮ ಎರಡೂ ಆಗ ಅರ್ಧವಾಗುತ್ತವೆ.

ಜೊತೆಗಾರನನ್ನು ಹುಡುಕಿ

ಅಮೂಂಗಸ್ ಜಾತಿಯಲ್ಲಿ ಗ್ರಾಸ್ ಮತ್ತು ಪಾಯ್ಸನ್. ಬೆಂಕಿ, ಹಿಮ, ಫ್ಲೈಯಿಂಗ್, ಸೈಕಿಕ್ ಏಟು ಎರಡು ಪಟ್ಟು ಬೀಳುತ್ತದೆ. ನೀರು, ಎಲೆಕ್ಟ್ರಿಕ್, ಫೈಟಿಂಗ್, ಫೇರಿ ಅರ್ಧ, ಗ್ರಾಸ್ ಕಾಲು ಭಾಗ.

ಜೊತೆಗಾರನನ್ನು ಈ ಪಟ್ಟಿ ಇಟ್ಟುಕೊಂಡೇ ಆರಿಸಬೇಕು. ಬ್ಲಡ್‌ಮೂನ್ ಅರ್ಸಲೂನಾ ಎಂಬ ಕರಡಿ ನೋಡಿ. ಅದಕ್ಕೆ ನೀರು, ಗ್ರಾಸ್, ಫೈಟಿಂಗ್, ಹಿಮ ಎಂದರೆ ಆಗದು. ಈ ನಾಲ್ಕರಲ್ಲಿ ಮೂರನ್ನು ಅಮೂಂಗಸ್ ಆರಾಮಾಗಿ ತಿನ್ನುತ್ತದೆ. ಕರಡಿಯ ಸ್ಪೆಷಲ್ ಅಟ್ಯಾಕ್ 135, ವೇಗ 52. ಟ್ರಿಕ್ ರೂಮ್‌ನಲ್ಲಿ ಅದು ಹೊಡೆಯುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಟ್ರಿಕ್ ರೂಮ್ ಹಾಕಲು ಫಾರಿಗಿರಾಫ್ ಎಂಬ ಜಿರಾಫೆ ಇರಲಿ. ಅದರ ಆರ್ಮರ್ ಟೇಲ್ ಎಬಿಲಿಟಿ ಇರುವಷ್ಟು ಹೊತ್ತು ಎದುರಾಳಿಯ ಫೇಕ್ ಔಟ್‌ನಂಥ ಮುನ್ನುಗ್ಗುವ ಮೂವ್‌ಗಳು ನಿಮ್ಮ ಇಬ್ಬರ ಮೇಲೂ ನಡೆಯುವುದಿಲ್ಲ.

ಒಂದು ಪಂದ್ಯದ ಮೊದಲ ಎರಡು ಟರ್ನ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನಿಮ್ಮ ಕಡೆ ಅಮೂಂಗಸ್ ಮತ್ತು ಫಾರಿಗಿರಾಫ್. ಎದುರಿಗೆ ಇನ್ಸಿನರೋರ್ ಮತ್ತು ನೀರಿನ ಅರ್ಶಿಫು. ಅವರಿಗೆ ಟ್ರಿಕ್ ರೂಮ್ ತಡೆಯಬೇಕು. ಅಂದರೆ ಫಾರಿಗಿರಾಫ್ ಬೀಳಬೇಕು. ನೀವು ರೇಜ್ ಪೌಡರ್ ಮತ್ತು ಟ್ರಿಕ್ ರೂಮ್ ಒತ್ತುತ್ತೀರಿ.

ರೇಜ್ ಪೌಡರ್‌ನ ಪ್ರಯಾರಿಟಿ, ಅಂದರೆ ವೇಗ ನೋಡದೆ ಮುನ್ನುಗ್ಗುವ ಸರದಿ, ಪ್ಲಸ್ 2. ಹಾಗಾಗಿ ಈ ಆಮೆ ಎಲ್ಲರಿಗಿಂತ ಮೊದಲು ಪುಡಿ ಎರಚುತ್ತದೆ. ಈಗ ಫಾರಿಗಿರಾಫ್‌ಗೆ ಗುರಿಯಿಟ್ಟ ಏಟೆಲ್ಲ ಅಮೂಂಗಸ್ ಮೇಲೆ ತಿರುಗುತ್ತದೆ. ಅರ್ಶಿಫು ಸರ್ಜಿಂಗ್ ಸ್ಟ್ರೈಕ್ಸ್ ಹೊಡೆಯಿತು, ಮೂರು ಏಟು, ಮೂರೂ ಕ್ರಿಟಿಕಲ್, ಅಂದರೆ ಮಾಮೂಲಿಗಿಂತ ಜೋರು. ಅಟ್ಯಾಕ್ ಪೂರ್ತಿ ಏರಿಸಿದ್ದರೂ, ಏಟು ಹೆಚ್ಚಿಸುವ ಐಟಂ ಇಲ್ಲದಿದ್ದರೆ ಹೋಗುವುದು 48ರಿಂದ 60. ಇನ್ಸಿನರೋರ್ ಜಿರಾಫೆಯ ಮೇಲೆ ಐಟಂ ಉದುರಿಸುವ ನಾಕ್ ಆಫ್ ಹೊಡೆಯಲು ಹೋಗಿ ಅಣಬೆಗೆ ಹೊಡೆಯುತ್ತದೆ. ಅಟ್ಯಾಕ್‌ಗೆ ಇವಿ ಹಾಕದ ಇನ್ಸಿನರೋರ್ ಆದರೆ 60ರ ಆಸುಪಾಸು. ಬೆರಿ ಮಾತ್ರ ಕೈತಪ್ಪಿ ಹೋಗುತ್ತದೆ. 221ರಲ್ಲಿ ಇನ್ನೂ ನೂರರ ಆಚೀಚೆ ಉಳಿದಿದೆ. ಎಲ್ಲರೂ ಆಡಿದ ಮೇಲೆ, ಕೊನೆಯಲ್ಲಿ, ಟ್ರಿಕ್ ರೂಮ್ ಬೀಳುತ್ತದೆ.

ಇನ್ಸಿನರೋರ್ ನಾಕ್ ಆಫ್ ಬದಲು ಫ್ಲೇರ್ ಬ್ಲಿಟ್ಜ್ ಎಂಬ ಬೆಂಕಿ ಏಟು ಹೊಡೆದಿದ್ದರೆ? ಅದೇ ಇನ್ಸಿನರೋರ್‌ನಿಂದ 138ರಿಂದ 164 ಹೋಗುತ್ತದೆ. ಒಂಟಿಯಾಗಿ ಬಂದರೆ ಬದುಕಿ ಬೆರಿ ತಿನ್ನುತ್ತೀರಿ. ಅರ್ಶಿಫು ಏಟಿನ ಬೆನ್ನಿಗೇ ಬಂದರೆ ಜೀವ ಕೂದಲೆಳೆಯಲ್ಲಿ. ಆದರೂ ನನ್ನ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರವಲ್ಲ. ಟ್ರಿಕ್ ರೂಮ್ ಬಿದ್ದಾಯಿತು, ಅಣಬೆ ಹೋದ ಜಾಗಕ್ಕೆ ಕರಡಿ ಪುಕ್ಕಟೆಯಾಗಿ ಬರುತ್ತದೆ.

ಎರಡನೇ ಟರ್ನ್. ಟ್ರಿಕ್ ರೂಮ್ ಹೆಸರಿಗೆ ಐದು ಟರ್ನ್. ಹಾಕಿದ ಟರ್ನೂ ಅದರಲ್ಲೇ ಸೇರುವುದರಿಂದ ಕೈಗೆ ಸಿಗುವುದು ನಾಲ್ಕು. ನಿಮ್ಮ ವೇಗ 31, ಈಗ ಮೊದಲ ಆಟ ನಿಮ್ಮದು. ಹೊಸಬರು ಇಲ್ಲಿ ಕಣ್ಣುಮುಚ್ಚಿ ಸ್ಪೋರ್ ಒತ್ತುತ್ತಾರೆ. ಎದುರಾಳಿಗೂ ಅದು ಗೊತ್ತು. ಅರ್ಶಿಫು ಪ್ರೊಟೆಕ್ಟ್ ಮಾಡುತ್ತದೆ, ಸ್ಪೋರ್ ಗಾಳಿಗೆ ಹೋಗುತ್ತದೆ.

ಅಮೂಂಗಸ್ ಆಟದ ಗುಟ್ಟು ಇರುವುದು ಇಲ್ಲೇ. ಸ್ಪೋರ್‌ಗಿಂತ ಸ್ಪೋರ್‌ನ ಭಯ ಜಾಸ್ತಿ ಕೆಲಸ ಮಾಡುತ್ತದೆ. ಎದುರಾಳಿ ಭಯದಿಂದ ಪ್ರೊಟೆಕ್ಟ್ ಮಾಡಿದ ಟರ್ನ್‌ನಲ್ಲಿ ಅವನ ಒಬ್ಬ ಆಟಗಾರ ಏನೂ ಮಾಡಲಿಲ್ಲ, ಅಲ್ವಾ? ಅಂದರೆ ಸ್ಪೋರ್ ಬಿಡದೆಯೇ ಅವನನ್ನು ಒಂದು ಟರ್ನ್ ಮಲಗಿಸಿದಂತಾಯಿತು. ಆ ಟರ್ನ್‌ನಲ್ಲಿ ನೀವು ಫಾರಿಗಿರಾಫ್ ಅನ್ನು ಹಿಂದಕ್ಕೆ ಕರೆದು ಕರಡಿ ಇಳಿಸಿ, ಅಣಬೆಯಿಂದ ಇನ್ಸಿನರೋರ್ ಮಲಗಿಸಿ. ಮುಂದಿನ ಟರ್ನ್‌ನಲ್ಲಿ ಅರ್ಶಿಫು ಮತ್ತೆ ಪ್ರೊಟೆಕ್ಟ್ ಒತ್ತಿದರೆ ಅದು ನಡೆಯುವ ಸಾಧ್ಯತೆ ಮೂರರಲ್ಲಿ ಒಂದು. ಸ್ಪೋರ್ ಅನ್ನು ಆಗ ಅದರ ಮೇಲೆ ಬಿಡಿ.

ಇಬ್ಬರೂ ಒಟ್ಟಿಗೆ ಪ್ರೊಟೆಕ್ಟ್ ಮಾಡಿದರೆ ಸ್ವಲ್ಪ ಹೊಟ್ಟೆ ಉರಿಯುತ್ತದೆ. ನಾಲ್ಕರಲ್ಲಿ ಒಂದು ಟರ್ನ್ ಕಳೆಯಿತು ಅಷ್ಟೇ, ಇನ್ನೂ ಮೂರಿದೆ.

ಮಲಗಿದವರು ಎಷ್ಟು ಹೊತ್ತು ಮಲಗುತ್ತಾರೆ? ಒಂದರಿಂದ ಮೂರು ಟರ್ನ್. ಅವರು ಆಡುವ ಮೊದಲೇ ಮಲಗಿಸಿದರೆ ಆ ಟರ್ನ್ ಕೂಡ ಲೆಕ್ಕಕ್ಕೆ ಬರುತ್ತದೆ. ಮರುಟರ್ನ್‌ನಲ್ಲೇ ಏಳುವ ಸಾಧ್ಯತೆ ಮೂರರಲ್ಲಿ ಒಂದು. ಹಾಗಾಗಿ ಮಲಗಿದವರನ್ನು ಮರೆತು ಕೂರಬೇಡಿ. ಮಲಗಿರುವಾಗಲೇ ಹೊಡೆದು ಮುಗಿಸಿ. ನಿದ್ದೆಯಲ್ಲಿರುವ ಇನ್ಸಿನರೋರ್ ನೋಡಿ 'ಇನ್ನೂ ಎರಡು ಟರ್ನ್ ಇದೆ ಬಿಡು' ಎಂದುಕೊಂಡು ನಾನು ಸೋತ ಪಂದ್ಯಗಳನ್ನು ಎಣಿಸಲು ಎರಡು ಕೈ ಬೆರಳು ಸಾಲದು.

ಪುಡಿ ಯಾರ ಮೇಲೆ ನಡೆಯುವುದಿಲ್ಲ?

ಸ್ಪೋರ್ ಮತ್ತು ರೇಜ್ ಪೌಡರ್ ಎರಡೂ ಪುಡಿ. ಗ್ರಾಸ್ ಜಾತಿಯವರಿಗೆ ಎರಡೂ ತಟ್ಟುವುದಿಲ್ಲ. ಸೇಫ್ಟಿ ಗಾಗಲ್ಸ್ ಹಾಕಿಕೊಂಡವರಿಗೂ, ಓವರ್‌ಕೋಟ್ ಎಬಿಲಿಟಿ ಇರುವವರಿಗೂ ಅಷ್ಟೇ. ರಿಲ್ಲಾಬೂಮ್ ಈ ಕಾರಣಕ್ಕೇ ದೊಡ್ಡ ಕಿರಿಕಿರಿ. ಅದರ ವುಡ್ ಹ್ಯಾಮರ್ ನಿಮಗೆ ಕಾಲು ಭಾಗವೂ ನೋಯಿಸದು ಎಂಬುದಷ್ಟೇ ಸಮಾಧಾನ. ಗೋಲ್ಡೆಂಗೋ ಮೇಲೆ ಸ್ಪೋರ್ ನಡೆಯದು. ಎಲೆಕ್ಟ್ರಿಕ್ ಅಥವಾ ಮಿಸ್ಟಿ ಟೆರೇನ್ ಎಂಬ ನೆಲದ ಪರಿಣಾಮ ಇದ್ದಾಗ ನೆಲದ ಮೇಲೆ ನಿಂತ ಯಾರನ್ನೂ ಮಲಗಿಸಲಾಗದು.

ಇನ್ನೊಂದು ಗುಂಡಿ ಟೆರಾ ಗ್ರಾಸ್. ಎದುರಾಳಿ ಕೊನೆಯ ಕ್ಷಣದಲ್ಲಿ ಹಸಿರು ಬಣ್ಣಕ್ಕೆ ತಿರುಗಿದರೆ ಆ ಟರ್ನ್‌ನ ಪುಡಿಯೆಲ್ಲ ದಂಡ. ನನಗೆ ಹೀಗಾದ ದಿನ ಫೋನ್ ಸೋಫಾ ಮೇಲೆ ಎಸೆದಿದ್ದೆ. ಅಂದಿನಿಂದ ಒಂದು ಅಭ್ಯಾಸ. ಶುರುವಿನ 90 ಸೆಕೆಂಡಿನಲ್ಲಿ ಚೀಟಿಯ ಮೇಲೆ 'ಯಾರು ಮಲಗಲ್ಲ' ಎಂದು ಮಾತ್ರ ಬರೆದುಕೊಳ್ಳುತ್ತೇನೆ. ಆರರಲ್ಲಿ ಮೂರು ಹೆಸರು ಬಂದರೆ ಅಮೂಂಗಸ್ ಆ ಪಂದ್ಯಕ್ಕೆ ಬೆಂಚು ಕಾಯುತ್ತದೆ.

ಇಬ್ಬರಿಗೂ ಒಟ್ಟಿಗೆ ಬೀಳುವ ಏಟನ್ನು ರೇಜ್ ಪೌಡರ್ ಎಳೆದುಕೊಳ್ಳಲಾರದು. ಹೀಟ್ ವೇವ್, ಐಸಿ ವಿಂಡ್, ಡ್ಯಾಜ್ಲಿಂಗ್ ಗ್ಲೀಮ್ ಎಲ್ಲ ಹೀಗೇ. ಬೆಂಕಿ ಮೀನು ಚಿ-ಯು ಎದುರಿಗಿದ್ದರೆ ಮೊದಲ ಟರ್ನ್‌ನಲ್ಲಿ ಅಣಬೆಯನ್ನು ಕಣಕ್ಕಿಳಿಸಲೇಬೇಡಿ. ಹುರಿದ ಅಣಬೆ ಊಟಕ್ಕೆ ಚೆಂದ.

ಆರ್ಮರ್ ಟೇಲ್ ಪಕ್ಕದಲ್ಲಿಲ್ಲದಾಗ ಫೇಕ್ ಔಟ್ ಬಗ್ಗೆ ಎಚ್ಚರ. ಅದು ಪ್ಲಸ್ 3, ರೇಜ್ ಪೌಡರ್‌ಗಿಂತ ಮೊದಲು ಬಂದು ಅಮೂಂಗಸ್ ಅನ್ನು ಬೆಚ್ಚಿಬೀಳಿಸುತ್ತದೆ.

ಒಳಗೆ ಹೊರಗೆ ಓಡಾಡಿಸಿ

ಹೊಸಬರು ಮಾಡುವ ಇನ್ನೊಂದು ತಪ್ಪು, ಅಣಬೆಯನ್ನು ನೆಟ್ಟ ಜಾಗದಲ್ಲೇ ಸಾಯಲು ಬಿಡುವುದು. 60 ಎಚ್‌ಪಿ ಉಳಿದಾಗ ಹಿಂದಕ್ಕೆ ಕರೆಯಿರಿ. ರೀಜನರೇಟರ್‌ನಿಂದ 73 ಸೇರಿ 133 ಆಗುತ್ತದೆ. ಎರಡು ಟರ್ನ್ ಬಿಟ್ಟು ನೀರಿನದ್ದೋ ಫೈಟಿಂಗ್‌ನದ್ದೋ ಏಟು ಬರುವ ಹೊತ್ತಿಗೆ ಮತ್ತೆ ಇಳಿಸಿ. ಕೊಂದೆ ಎಂದುಕೊಂಡ ಅಣಬೆ ಮಳೆ ಬಿದ್ದ ಮರುದಿನದ ಹಾಗೆ ಮತ್ತೆ ತಲೆಯೆತ್ತಿದಾಗ ಎದುರಾಳಿಗೆ ಆಗುವ ಸಿಟ್ಟು ಬೇರೆಯದೇ.

ಏಟು ತಿಂದು ಜೊತೆಗಾರನನ್ನು ಉಳಿಸುವ ಆಟವನ್ನು ಪ್ರಪಂಚ ಬೆರಗಿನಿಂದ ನೋಡಿದ್ದು 2014ರಲ್ಲಿ. ಅಮೆರಿಕದ ವಾಷಿಂಗ್ಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಅನ್ನು ಕೊರಿಯಾದ ಸೆಜುನ್ ಪಾರ್ಕ್ ಗೆದ್ದಾಗ ಅವರ ತಂಡದಲ್ಲಿದ್ದದ್ದು ಪಚಿರಿಸು ಎಂಬ ಪುಟ್ಟ ಅಳಿಲು. ಅದು ಬಳಸಿದ್ದು ಫಾಲೋ ಮಿ. ರೇಜ್ ಪೌಡರ್‌ನದೇ ಕೆಲಸ, ಆದರೆ ಪುಡಿಯಲ್ಲ. ಹಾಗಾಗಿ ಗ್ರಾಸ್ ಜಾತಿಯವರ ಮೇಲೂ ನಡೆಯುತ್ತದೆ. ಅಳಿಲಿಗೆ ಆ ಅನುಕೂಲ, ಅಣಬೆಗೆ ಸ್ಪೋರ್.

ಅಭ್ಯಾಸ ಎಲ್ಲಿ?

ಸ್ವಿಚ್ ಎಂಬ ಗೇಮ್ ಯಂತ್ರ ಕೊಳ್ಳದೆಯೂ ಕಲಿಯಬಹುದು. ಪೊಕೆಮಾನ್ ಶೋಡೌನ್ ಬ್ರೌಸರ್‌ನಲ್ಲೇ ಓಡುತ್ತದೆ, ಪುಕ್ಕಟೆ. ಐವಿ, ಇವಿ, ಐಟಂ ಎಲ್ಲ ಟೈಪ್ ಮಾಡಿ ತಂಡ ಕಟ್ಟಿ ಆಡಲು ಶುರು ಮಾಡಬಹುದು. ತಂಡ ಕಟ್ಟುವಾಗ ವಿಜಿಸಿ (ಅಧಿಕೃತ ಡಬಲ್ಸ್ ಟೂರ್ನಿ) ಎಂದಿರುವ ಪಟ್ಟಿಯನ್ನೇ ಆರಿಸಿ. ಅಲ್ಲಿನ ಸಿಂಗಲ್ಸ್ ಪಟ್ಟಿಗಳಲ್ಲಿ ಮಲಗಿಸುವುದಕ್ಕೆ ಬೇರೆಯೇ ಕಟ್ಟುಪಾಡುಗಳಿವೆ.

ಮೊದಲ ಹತ್ತು ಪಂದ್ಯದಲ್ಲಿ ಒಂದು ಪ್ರಯೋಗ ಮಾಡಿ. ಮೊದಲ ಟರ್ನ್‌ನಲ್ಲಿ ಸ್ಪೋರ್ ಒತ್ತುವುದೇ ಇಲ್ಲ ಎಂದು ತೀರ್ಮಾನಿಸಿ. ಎದುರಾಳಿ ಎಷ್ಟು ಸಲ ಸುಮ್ನೆ ಪ್ರೊಟೆಕ್ಟ್ ಒತ್ತಿದ ಎಂದು ಪಕ್ಕದಲ್ಲಿ ಗೀಟು ಹಾಕುತ್ತಾ ಹೋಗಿ.