ಮಾಳಿಗೆ ಮೇಲಿನ ಕುಂಡಗಳಿಗೆ ತೊಗರಿ ಹೊಟ್ಟು

ಯುಗಾದಿ ಹತ್ತಿರ ಬಂತು, ಕಲಬುರಗಿ ಬಿಸಿಲು ಈಗಲೇ ಜೋರಾಗಿದೆ. ಮಾಳಿಗೆ ಮೇಲೆ ಕುಂಡ ಇಟ್ಟವರು ಮಣ್ಣಿನ ಮೇಲೆ 2 ಇಂಚು ತೊಗರಿ ಹೊಟ್ಟು ಹರಡಿ. ನಮ್ಮ ಕಡೆ ಅದಕ್ಕೇನೂ ಕೊರತೆ ಇಲ್ಲ ಅಲ್ವಾ! ತೇವ ಬೇಗ ಆರುವುದಿಲ್ಲ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆಯುತ್ತದೆ.

ಮಧ್ಯಾಹ್ನ ಎಲೆ ಜೋತು ಬಿತ್ತು ಅಂತ ಸುಮ್ನೆ ನೀರು ಸುರಿಯಬೇಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಒಳಗೆ ಹಸಿ ಇದ್ದರೆ ಸಂಜೆಗೆ ಗಿಡ ತಾನೇ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲೇ, ಕುಂಡದ ತಳದಿಂದ ಹನಿ ಬರುವವರೆಗೆ ನೀರು ಹಾಕಿ. ಸಂಜೆ ಹಾಕುವುದಾದರೆ ಪೈಪಿನ ಮೊದಲ ನೀರು ಬಕೆಟ್‌ಗೆ ಬಿಡಿ, ಕೈ ಸುಡುವಷ್ಟು ಬಿಸಿ ಇರುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ ಗೋಣಿಚೀಲ ಸುತ್ತಿ.

ಮಲ್ಲಿಗೆಯನ್ನು ಮಾತ್ರ ನೆರಳಿಗೆ ಎಳೆಯಬೇಡಿ, ಮೊಗ್ಗು ಕಡಿಮೆಯಾಗುತ್ತದೆ.