ಕಪ್ಪು ಕಾಗದದಲ್ಲಿ ಸೀಸ ಹುಡುಕಿದ್ದು

1998ರಲ್ಲಿ ಬೆಂಗಳೂರಿನ ಒಂದು ಲ್ಯಾಬ್‌ಗೆ ಸೇರಿದೆ. ಟ್ರಾಫಿಕ್ ಜಾಸ್ತಿ ಇರುವ ಸರ್ಕಲ್‌ಗಳ ಗಾಳಿಯಲ್ಲಿ ಸೀಸ ಎಷ್ಟಿದೆ ಎಂದು ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಆಗ ಪೆಟ್ರೋಲ್‌ಗೆ ಸೀಸ ಬೆರೆಸುತ್ತಿದ್ದರು. ಎಂಜಿನ್ ನಾಕ್ ಹೊಡೆಯಬಾರದು, ಅಂದರೆ ಕಟಕಟ ಬಡಿಯಬಾರದು ಅಂತ ಹಾಕುತ್ತಿದ್ದ ಟೆಟ್ರಾಈಥೈಲ್ ಲೆಡ್ ಉರಿದು, ಕಣ್ಣಿಗೆ ಕಾಣದ ಕಣಗಳಾಗಿ ಹೊಗೆ ಕೊಳವೆಯಿಂದ ಹೊರಬೀಳುತ್ತಿತ್ತು.

ಗಾಳಿ ಎಳೆದು ಅದರಲ್ಲಿನ ಕಣಗಳನ್ನು ಕಾಗದದ ಮೇಲೆ ಹಿಡಿಯುವ ಯಂತ್ರವೇ ಹೈ ವಾಲ್ಯೂಮ್ ಸ್ಯಾಂಪ್ಲರ್. ನೋಡಲು ಥೇಟ್ ನಾಯಿಗೂಡು. ಅದನ್ನು ಸರ್ಕಲ್ ಪಕ್ಕದ ತಾರಸಿಗೆ ಹೊತ್ತು ಹಾಕುತ್ತಿದ್ದೆವು. ಸದ್ದು, ಮಿಕ್ಸಿಯನ್ನು ನಿಲ್ಲಿಸದೆ ಓಡಿಸಿದ ಹಾಗೆ. ನಿಮಿಷಕ್ಕೆ 1.1 ಘನ ಮೀಟರ್ ಎಳೆದರೂ 24 ಗಂಟೆಯಲ್ಲಿ 1,500 ಘನ ಮೀಟರ್ ದಾಟುತ್ತದೆ. ಅಷ್ಟೂ ಗಾಳಿ ಒಂದು ಗ್ಲಾಸ್ ಫೈಬರ್ ಕಾಗದದ ಮೂಲಕ ಹೋಗಬೇಕು. ಕರೆಂಟ್ ಹೋದರೆ ಗಡಿಯಾರ ನೋಡಿ ಬರೆದಿಡಬೇಕು, ಇಲ್ಲದಿದ್ದರೆ ಲೆಕ್ಕ ಪೂರ್ತಿ ಹಾಳು. ರಾತ್ರಿ ಪಾಳಿಯಲ್ಲಿ ನಾನು ಕಾದಿದ್ದು ಮೋಟಾರನ್ನಲ್ಲ, ಕರೆಂಟನ್ನು.

ಬೆಳಿಗ್ಗೆ ಕಾಗದ ಕಾಡಿಗೆ ಬಳಿದಂತೆ ಇರುತ್ತಿತ್ತು. ಬಸ್ಸು ಲಾರಿಗಳೇ ಸೀಸ ಉಗುಳುತ್ತವೆ ಎಂದು ನಾನು ನಂಬಿದ್ದು ಆ ಕಪ್ಪು ನೋಡಿಯೇ. ತಪ್ಪು. ಡೀಸೆಲ್‌ಗೆ ಸೀಸ ಹಾಕುತ್ತಲೇ ಇರಲಿಲ್ಲ. ಸೀಸ ಬಿಡುತ್ತಿದ್ದದ್ದು ಪೆಟ್ರೋಲ್ ಗಾಡಿಗಳು: ಆಟೋ, ಕಾರು, ನಾನು ದಿನಾ ಓಡಿಸುತ್ತಿದ್ದ ಸ್ಕೂಟರ್.

ಕಾಗದದ ಒಂದು ಪಟ್ಟಿ ಕತ್ತರಿಸಿ, ನೈಟ್ರಿಕ್ ಆಸಿಡ್‌ನಲ್ಲಿ ಕುದಿಸಿ, ಸೋಸಿ, ಅಟಾಮಿಕ್ ಅಬ್ಸಾರ್ಪ್ಷನ್ ಯಂತ್ರದ ಜ್ವಾಲೆಗೆ ಬಿಡಬೇಕು. 283.3 ನ್ಯಾನೊಮೀಟರ್ ಬೆಳಕನ್ನು ಸೀಸ ಎಷ್ಟು ನುಂಗುತ್ತದೋ ಅದೇ ಅಳತೆ. ಜೊತೆಗೆ ಗಾಳಿ ಕಾಣದ ಒಂದು ಹೊಸ ಕಾಗದವನ್ನೂ ಕುದಿಸಬೇಕು. ಅದಕ್ಕೆ ಬ್ಲ್ಯಾಂಕ್ ಅಂತಾರೆ. ಅದರಲ್ಲಿ ಸೀಸ ಕಾಣಬಾರದು. ಒಮ್ಮೆ ನನ್ನ ಬ್ಲ್ಯಾಂಕ್‌ನಲ್ಲೇ ಸೀಸ ಸಿಕ್ಕಿತು! ಆಸಿಡ್ ಬದಲಿಸಿದೆ, ಬೀಕರ್‌ಗಳನ್ನು ಮತ್ತೆ ತೊಳೆದೆ, ಆದರೂ ಹೋಗಲಿಲ್ಲ. ಮೂರು ದಿನ ತಲೆ ಕೆಟ್ಟಿತು. ಕೊನೆಗೆ ಗೊತ್ತಾಯಿತು, ಸೆಖೆ ಅಂತ ನಾನೇ ತೆರೆದಿಟ್ಟ ಕಿಟಕಿ. ಕೆಳಗೆ ರಸ್ತೆ. ಧೂಳು ಸೀದಾ ನನ್ನ ಮೇಜಿಗೆ ಬಂದು ಕೂರುತ್ತಿತ್ತು. ಒಂದು ವಾರದ ಸ್ಯಾಂಪಲ್ ಎಲ್ಲಾ ಕಸದ ಬುಟ್ಟಿಗೆ.

ಅದೇ ಕಾಲಕ್ಕೆ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಏಳು ನಗರಗಳಲ್ಲಿ ಜನರ ರಕ್ತ ಪರೀಕ್ಷೆ ಮಾಡಿತ್ತು. 12 ವರ್ಷದೊಳಗಿನ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರ್‌ಗೆ 10 ಮೈಕ್ರೊಗ್ರಾಂ ದಾಟಿತ್ತು. ಆ ವರದಿ ಓದಿದ ಮೇಲೆ ಕಿಟಕಿ ಮುಚ್ಚಿ ಬೆವರುವುದು ಅಷ್ಟೇನೂ ಕಷ್ಟ ಅನಿಸಲಿಲ್ಲ.

2000ದ ಫೆಬ್ರವರಿ 1ರಿಂದ ದೇಶದಲ್ಲೆಲ್ಲಾ ಸೀಸವಿಲ್ಲದ ಪೆಟ್ರೋಲ್. ಕೆಲವು ತಿಂಗಳ ನಂತರ ಅದೇ ತಾರಸಿಯಿಂದ ಕಾಗದ ತಂದೆ. ಕಪ್ಪು ಒಂದಿಷ್ಟೂ ಕಮ್ಮಿಯಾಗಿರಲಿಲ್ಲ. ಯಂತ್ರದ ರೀಡಿಂಗ್ ಮಾತ್ರ ಕೆಳಗೆ ಕೂತಿತ್ತು. ಲ್ಯಾಂಪ್ ಹೋಗಿರಬೇಕು, ನೋಡು ಎಂದರು ಸೀನಿಯರ್. ಸ್ಟ್ಯಾಂಡರ್ಡ್, ಅಂದರೆ ಎಷ್ಟು ಸೀಸ ಇದೆ ಎಂದು ಮೊದಲೇ ಗೊತ್ತಿರುವ ದ್ರಾವಣ ಹಾಕಿದೆ, ಯಂತ್ರ ಸರಿಯಾಗಿಯೇ ಓದಿತು. ಸುಮ್ನೆ ಇರಲಿ ಅಂತ ಸರ್ಕಲ್ ಪಕ್ಕದ ಮರದ ಬುಡದಿಂದ ಒಂದು ಚಮಚ ಮಣ್ಣು ತಂದು ಅದನ್ನೂ ಕುದಿಸಿದೆ.

ಹಳೆಯ ಸೀಸ ಅಲ್ಲೇ ಇತ್ತು.